ಹೂವಿನ ಅಕ್ಕ ಮರಳುಗಾಡಿಗೆ ಹೋಗಿ ಬಂದದ್ದು

ಅಕ್ಕಂದಿರೇ, ನೀವು ರೈಲಿನಲ್ಲಿ ಹೋಗಿದ್ದೀರಿ ಅಲ್ಲವೇ? ತವರಿಗೆ ಹೋಗಿರುತ್ತೀರಿ. ಜಾತ್ರೆಗೆ ಹೋಗಿರುತ್ತೀರಿ. ಆಗ ಟಿಕೆಟ್ ಯಾರ ಹತ್ತಿರ ಇತ್ತು? ಯಜಮಾನರ ಜೇಬಿನಲ್ಲಿತ್ತಾ? ಮಗನ ಜೇಬಿನಲ್ಲಿತ್ತಾ? ಸ್ವಲ್ಪ ನೆನಪು ಮಾಡಿಕೊಳ್ಳಿ. ಆಮೇಲೆ ಈ ಪಾಠ ಓದಿ.

ನಮ್ಮ ಕಲಿಕಾ ಕೇಂದ್ರ ಚಾಮರಾಜಪೇಟೆಯಲ್ಲಿದೆ. ಸಂಜೆ ಏಳು ಗಂಟೆಗೆ ಶುರುವಾಗುತ್ತದೆ. ಅಲ್ಲಿಗೆ ಬರುವ ಒಬ್ಬ ಅಕ್ಕ ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಹೂವು ಮಾರುತ್ತಾರೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಬಿಡಿ ಹೂವು ತರುತ್ತಾರೆ. ಕಟ್ಟಿ ಮೊಳದ ಲೆಕ್ಕದಲ್ಲಿ ಮಾರುತ್ತಾರೆ. ನಾವೆಲ್ಲ ಅವರನ್ನು ಹೂವಿನ ಅಕ್ಕ ಅಂತಲೇ ಕರೆಯುವುದು. ಅವರ ಯಜಮಾನರು ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಇಪ್ಪತ್ತು ವರ್ಷದಿಂದ ಒಂದೇ ಅಂಗಡಿ.

ಚಿಕ್ಕಪೇಟೆಯಲ್ಲಿ ರಾಜಸ್ಥಾನದಿಂದ ಬಂದ ವ್ಯಾಪಾರಿಗಳು ತುಂಬ ಜನ ಇದ್ದಾರೆ. ಈ ಅಂಗಡಿಯ ಸೇಟು ಕೂಡ ಅವರ ಪೈಕಿ. ಅವರ ಮೂಲ ಊರು ಜೋಧಪುರ. ಸೇಟು ಮಗಳ ಮದುವೆ ಅಲ್ಲೇ ಗೊತ್ತಾಯಿತು. "ಇಬ್ಬರೂ ಬರಬೇಕು, ಟಿಕೆಟ್ ನಂದು" ಅಂದರಂತೆ ಸೇಟು.

ಯಜಮಾನರಿಗೆ ಹೆಂಡತಿಯನ್ನು ಕರೆದುಕೊಂಡು ಹೋಗುವ ಮನಸ್ಸಿರಲಿಲ್ಲ.

"ಅಷ್ಟು ದೂರ ನೀನ್ಯಾಕೆ? ಭಾಷೆ ಬರಲ್ಲ. ಓದಕ್ ಬರಲ್ಲ. ಎಲ್ಲಾದ್ರೂ ತಪ್ಪಿಸ್ಕೊಂಡ್ರೆ ನಾನೆಲ್ಲಿ ಹುಡುಕ್ಲಿ?" ಅಂದರಂತೆ.

"ಓದಕ್ ಬರುತ್ತೆ ರೀ. ನೀವು ನೋಡಿಲ್ಲ ಅಷ್ಟೆ" ಅಂದರಂತೆ ಅಕ್ಕ.

ನಿಜ, ಅವರು ನೋಡಿರಲಿಲ್ಲ. ಅಕ್ಕ ಒಂದು ವರ್ಷದಿಂದ ತರಗತಿಗೆ ಬರುತ್ತಿದ್ದಾರೆ. ಒತ್ತಕ್ಷರದವರೆಗೆ ಬಂದಿದ್ದಾರೆ. ಮಹಾಪ್ರಾಣ ಅಕ್ಷರ ಬಂದರೆ ಸ್ವಲ್ಪ ನಿಂತು ಓದುತ್ತಾರೆ. ಮನೆಯಲ್ಲಿ ಗಂಡನ ಮುಂದೆ ಪುಸ್ತಕ ತೆಗೆಯಲು ನಾಚಿಕೆ. ನಿಮ್ಮಲ್ಲಿ ಎಷ್ಟು ಜನ ಹೀಗೆ ಇದ್ದೀರಿ ಅಂತ ನನಗೆ ಗೊತ್ತು.

ಕೊನೆಗೆ ಇಬ್ಬರೂ ಹೊರಟರು. ಹೂವಿನ ಅಂಗಡಿ ನೋಡಿಕೊಳ್ಳಲು ಮಗಳನ್ನು ಕೂರಿಸಿದರು. ಜನವರಿ ತಿಂಗಳು.

ಟಿಕೆಟ್ಟಿನಲ್ಲಿ ಏನೇನಿದೆ?

ಹೊರಡುವ ಮೊದಲು ಅಕ್ಕ ಟಿಕೆಟ್ಟನ್ನು ತರಗತಿಗೆ ತಂದರು. ಯಜಮಾನರಿಗೆ ಹೇಳದೆ ತಂದಿದ್ದರು. ಅವತ್ತು ನಾವು ಬೇರೆ ಪಾಠ ಮಾಡಲಿಲ್ಲ. ಎಲ್ಲರೂ ಸುತ್ತ ಕೂತು ಟಿಕೆಟ್ಟನ್ನೇ ಓದಿದೆವು. ನೀವೂ ತಿಳಿದುಕೊಳ್ಳಿ.

ಟಿಕೆಟ್ಟಿನಲ್ಲಿ ಹತ್ತು ಅಂಕಿಯ ಒಂದು ಉದ್ದ ಸಂಖ್ಯೆ ಇರುತ್ತದೆ. ಅದನ್ನು ಪಿ.ಎನ್.ಆರ್. ನಂಬರ್ ಅನ್ನುತ್ತಾರೆ. ಟಿಕೆಟ್ ಕಳೆದುಹೋದರೂ ಈ ನಂಬರ್ ಗೊತ್ತಿದ್ದರೆ ನಿಮ್ಮ ವಿವರ ಸಿಗುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ಬೇರೆ ಕಡೆ ಇಟ್ಟುಕೊಳ್ಳಿ. ಐದು ಅಂಕಿಯ ಇನ್ನೊಂದು ಸಂಖ್ಯೆ ಇರುತ್ತದೆ. ಅದು ರೈಲಿನ ನಂಬರ್. ನಿಲ್ದಾಣದ ಬೋರ್ಡಿನಲ್ಲೂ ಅದೇ ನಂಬರ್ ಬರುತ್ತದೆ. ಎರಡೂ ಒಂದೇ ಇದ್ದರೆ ನಿಮ್ಮ ರೈಲು ಅದೇ.

ಆಮೇಲೆ ಬೋಗಿ ಮತ್ತು ಸೀಟು. ಅಕ್ಕನ ಟಿಕೆಟ್ಟಿನಲ್ಲಿ ಎಸ್-4 ಅಂತ ಇತ್ತು. ಇಂಗ್ಲಿಷಿನ ಎಸ್ ಅಂದರೆ ಹಾವು ಬಳುಕಿದ ಹಾಗೆ ಇರುವ ಅಕ್ಷರ. ಮಲಗಿಕೊಂಡು ಹೋಗುವ ಸಾಧಾರಣ ಬೋಗಿಗಳಿಗೆ ಈ ಗುರುತು. ನಾಲ್ಕು ಅಂದರೆ ಅಂಥ ಬೋಗಿಗಳಲ್ಲಿ ನಾಲ್ಕನೆಯದು. ಸೀಟು 33 ಮತ್ತು 34. ಇವರದು ಕೆಳಗಿನದು ಒಂದು, ನಡುವಿನದು ಒಂದು.

ಹೊತ್ತು ಬರೆಯುವ ರೀತಿ ಬೇರೆ ಇದೆ. ರೈಲಿನವರು ಬೆಳಗ್ಗೆ, ಸಂಜೆ ಅಂತ ಬರೆಯುವುದಿಲ್ಲ. 24 ಗಂಟೆಯ ಲೆಕ್ಕ ಅವರದು. 16.20 ಅಂತ ಇದ್ದರೆ ಗಾಬರಿ ಬೇಡ. ಹದಿನಾರರಲ್ಲಿ ಹನ್ನೆರಡು ಕಳೆಯಿರಿ. ನಾಲ್ಕು ಉಳಿಯಿತು. ಅಂದರೆ ಸಂಜೆ ನಾಲ್ಕು ಇಪ್ಪತ್ತು. ಲೆಕ್ಕ ಕಲಿತದ್ದು ಇಂಥದ್ದಕ್ಕೇ ಅಂತ ಅವತ್ತು ನಮ್ಮ ತರಗತಿಯ ಅಜ್ಜಿಯೊಬ್ಬರು ನಕ್ಕರು. ಟಿಕೆಟ್ ಜೊತೆಗೆ ಗುರುತಿನ ಚೀಟಿ ಕೂಡ ಇರಬೇಕು. ಅದನ್ನು ಮರೆಯಬೇಡಿ.

ಅಕ್ಕ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಟಿಕೆಟ್ ಮತ್ತೆ ಯಜಮಾನರ ಜೇಬಿಗೆ ಹೋಯಿತು.

ಕನ್ನಡ ಮುಗಿದ ಜಾಗ

ರೈಲು ಹತ್ತಿದ್ದು ಮೆಜೆಸ್ಟಿಕ್ಕಿನ ದೊಡ್ಡ ನಿಲ್ದಾಣದಲ್ಲಿ. ಅದಕ್ಕೆ ಈಗ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಅಕ್ಕ ಹೊರಗೆ ನಿಂತು ಪೂರ್ತಿ ಹೆಸರು ಓದಿದರಂತೆ. "ಬಾ ಬಾ, ರೈಲು ಹೋಗುತ್ತೆ" ಅಂತ ಯಜಮಾನರು ಕೂಗುತ್ತಿದ್ದರಂತೆ.

ಬೋಗಿ ಹುಡುಕಿ ಕೊಟ್ಟದ್ದು ಅಂಗಡಿಯ ಗುಮಾಸ್ತ. ಅವನು ಮುಂದೆ, ಯಜಮಾನರು ಅವನ ಹಿಂದೆ, ಅಕ್ಕ ಎಲ್ಲರ ಹಿಂದೆ. ಈ ಮಾತು ಆಮೇಲೆ ಬೇಕಾಗುತ್ತದೆ.

ಬೆಳಗಾದಾಗ ಹುಬ್ಬಳ್ಳಿ. ಈ ನಿಲ್ದಾಣಕ್ಕೆ ಶ್ರೀ ಸಿದ್ಧಾರೂಢ ಸ್ವಾಮೀಜಿ ಅವರ ಹೆಸರಿಟ್ಟಿದ್ದಾರೆ. ದಕ್ಕೆ ಧ ಒತ್ತು, ಆಮೇಲೆ ರೂ, ಆಮೇಲೆ ಢ. ನಮ್ಮ ಅಕ್ಕನಿಗೆ ಕಷ್ಟದ ಅಕ್ಷರಗಳೆಲ್ಲ ಒಂದೇ ಬೋರ್ಡಿನಲ್ಲಿ! ರೈಲು ನಿಂತಷ್ಟು ಹೊತ್ತೂ ಓದಿದೆ ಅಂದರು. ಇಲ್ಲಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆ. ಪ್ರಪಂಚದಲ್ಲೇ ಉದ್ದದ್ದು ಅಂತ 2023ರಲ್ಲಿ ಹೆಸರಾಯಿತು. ಒಂದೂವರೆ ಕಿಲೋಮೀಟರ್! ಗಾಂಧಿ ಬಜಾರನ್ನು ಒಂದು ಸಲ ಪೂರ್ತಿ ಸುತ್ತಿ ಬಂದ ಹಾಗೆ.

ಅಲ್ಲಿಂದ ಧಾರವಾಡ, ಲೋಂಡಾ, ಖಾನಾಪುರ. ಖಾನಾಪುರದ ಹತ್ತಿರದ ನಂದಗಡದಲ್ಲೇ 1831ರಲ್ಲಿ ಇಂಗ್ಲಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೆ ಹಾಕಿದ್ದು. ಅವನ ಹೆಸರಿನ ನಿಲ್ದಾಣದಲ್ಲಿ ರೈಲು ಹತ್ತಿದವರು ಅವನು ಸತ್ತ ಊರಿನ ಹತ್ತಿರವೇ ಹಾದು ಹೋದರು.

ಬೆಳಗಾವಿ ಆಯಿತು. ರಾಯಬಾಗ, ಕುಡಚಿ, ಉಗಾರ, ಶೇಡಬಾಳ. ಸಣ್ಣ ಸಣ್ಣ ನಿಲ್ದಾಣ. ಅಕ್ಕ ಕಿಟಕಿ ಬಿಟ್ಟು ಏಳಲಿಲ್ಲ. ಒಂದೊಂದು ಹಳದಿ ಬೋರ್ಡಿನಲ್ಲೂ ಕನ್ನಡ ಹುಡುಕುತ್ತಿದ್ದರು. ಆಮೇಲೆ ಮಿರಜ್ ಬಂತು. ಅದು ಮಹಾರಾಷ್ಟ್ರ. ಬೋರ್ಡಿನಲ್ಲಿ ಕನ್ನಡ ಇಲ್ಲ.

"ಎದೆ ಧಸಕ್ ಅಂತು ಮೇಡಂ" ಅಂದರು ಅಕ್ಕ. "ಒಂದು ವರ್ಷ ಕಷ್ಟಪಟ್ಟು ಕಲ್ತಿದ್ದು ಅಲ್ಲಿಗೆ ಮುಗೀತು ಅನ್ನಿಸ್ತು. ಮತ್ತೆ ಮೊದಲಿನ ಹಾಗೆ ಆಗೋದೆ."

ನಾನು ಕೇಳಿದೆ, "ಅಂಕಿ?"

"ಅದೇ ಹೇಳಕ್ ಬಂದೆ" ಅಂದರು. "ಅಂಕಿ ಮಾತ್ರ ಹಾಗೇ ಇತ್ತು. ಒಂದು, ಎರಡು, ಮೂರು. ಎಲ್ಲಾ ಕಡೆ ಅದೇ."

ರಾತ್ರಿ ನಡೆದದ್ದು

ಕತ್ತಲಾದ ಮೇಲೆ ರೈಲು ಒಂದು ದೊಡ್ಡ ನಿಲ್ದಾಣದಲ್ಲಿ ನಿಂತಿತು. ಯಜಮಾನರಿಗೆ ಹಸಿವು. ಶರ್ಟ್ ಬಿಚ್ಚಿ ಗೂಟಕ್ಕೆ ನೇತು ಹಾಕಿದ್ದರು. ಬನಿಯನ್ ಮೇಲೆ ಟವೆಲ್ ಹೊದ್ದು, ನೂರು ರೂಪಾಯಿ ನೋಟು ಹಿಡಿದು ಕೆಳಗೆ ಇಳಿದರು. ಫೋನ್ ಸೀಟಿನ ಹತ್ತಿರ ಚಾರ್ಜಿಗೆ ಹಾಕಿತ್ತು.

ರೈಲು ಹೊರಟಿತು. ಯಜಮಾನರು ಬರಲಿಲ್ಲ.

ಅಕ್ಕ ಬಾಗಿಲಿಗೆ ಓಡಿದರು. ಪ್ಲಾಟ್‌ಫಾರ್ಮ್ ತುಂಬ ಜನ. ಯಾರು ಯಾರೋ ಓಡುತ್ತಿದ್ದರು. ಇವರು ಕಾಣಲಿಲ್ಲ. ವೇಗ ಹೆಚ್ಚಾಯಿತು. ಎದುರು ಸೀಟಿನ ಹುಡುಗ ಹಿಂದಿಯಲ್ಲಿ ಏನೋ ಹೇಳಿ ಮೇಲಿದ್ದ ಕೆಂಪು ಸರಪಳಿ ತೋರಿಸಿದ. ಅಕ್ಕ ಕೈ ಎತ್ತಿದರು. ಸರಪಳಿಯ ಪಕ್ಕದಲ್ಲಿ ಏನೋ ಬರೆದಿತ್ತು. ಓದಲು ಬರದ ಅಕ್ಷರ. ಅದರ ನಡುವೆ 1000 ಅನ್ನುವ ಅಂಕಿ ಮಾತ್ರ ಗೊತ್ತಾಯಿತು. ಸರಿಯಾದ ಕಾರಣ ಇಲ್ಲದೆ ಎಳೆದರೆ 1000 ರೂಪಾಯಿವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಕೂಡ ಇದೆ ಅಂತ ತರಗತಿಯಲ್ಲಿ ಮಾತಾಡಿದ್ದೆವು. ಅಕ್ಕ ಕೈ ಇಳಿಸಿದರು. ಇದು ಸರಿಯಾದ ಕಾರಣವೋ ಅಲ್ಲವೋ ಅಂತ ಅವರಿಗೆ ತೋಚಲಿಲ್ಲ. ನನ್ನನ್ನು ಕೇಳಿದರೆ ನಾನಾಗಿದ್ದರೆ ಎಳೆದುಬಿಡುತ್ತಿದ್ದೆನೇನೋ.

ಅಷ್ಟರಲ್ಲಿ ಫೋನ್ ಬಡಿಯಿತು. ಯಾರದೋ ನಂಬರ್. ಎತ್ತಿದರೆ ಯಜಮಾನರ ಧ್ವನಿ. ಓಡಿ ಬಂದು ಹಿಂದಿನ ಜನರಲ್ ಡಬ್ಬಿ ಹತ್ತಿದ್ದರು. ಪಕ್ಕದವರ ಫೋನ್ ಇಸಕೊಂಡು ಮಾತಾಡುತ್ತಿದ್ದರು. ಆ ಡಬ್ಬಿಯಿಂದ ಒಳಗೊಳಗೇ ಈ ಕಡೆ ಬರಲು ದಾರಿ ಇಲ್ಲ. ಮುಂದಿನ ನಿಲ್ದಾಣದಲ್ಲಿ ಇಳಿದು ಓಡಿ ಬರಬೇಕು.

"ನಮ್ ಬೋಗಿ ಯಾವುದು?" ಅಂದರಂತೆ ಯಜಮಾನರು.

ನೋಡಿ, ಇವರು ಏಳನೇ ಕ್ಲಾಸ್ ಓದಿದವರು. ದಿನಾ ಪೇಪರ್ ಓದುವವರು. ಗುಮಾಸ್ತನ ಹಿಂದೆ ಬಂದು ಕೂತಿದ್ದರಲ್ಲ, ಬೋಗಿ ನಂಬರ್ ನೋಡಿರಲೇ ಇಲ್ಲ.

ಅಕ್ಕ ನೋಟ್‌ಬುಕ್ ತೆಗೆಯಲು ಹೋಗಲಿಲ್ಲ. ನೇತು ಹಾಕಿದ್ದ ಶರ್ಟಿನ ಜೇಬಿಗೆ ಕೈ ಹಾಕಿ ಟಿಕೆಟ್ ತೆಗೆದರು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಗಂಡನ ಜೇಬಿಗೆ ಕೈ ಹಾಕಿದ್ದು ಅದೇ ಮೊದಲು ಅಂದರು.

"ಎಸ್ ನಾಲ್ಕು. ಮೂವತ್ತಮೂರು, ಮೂವತ್ನಾಲ್ಕು. ಹಾವಿನ ಥರ ಇರೋ ಅಕ್ಷರ ನೋಡಿ. ಪಕ್ಕದಲ್ಲಿ ನಾಲ್ಕು ಇರುತ್ತೆ" ಅಂತ ಹೇಳಿದರಂತೆ. ಗಾಬರಿಯಲ್ಲಿ ಗಂಡನಿಗೂ ಹಾವಿನ ಅಕ್ಷರ ಅಂತಲೇ ಪಾಠ!

ಟಿ.ಟಿ. ಬಂದರು. ಅಕ್ಕ ಟಿಕೆಟ್ ತೋರಿಸಿದರು. 34ರ ಮೇಲೆ ಬೆರಳಿಟ್ಟು, ಹಿಂದಕ್ಕೆ ಕೈ ತೋರಿಸಿ, "ಲಾಸ್ಟ್ ಡಬ್ಬಿ" ಅಂದರು. ಅವರಿಗೆ ಅರ್ಥವಾಯಿತು. ತಲೆ ಆಡಿಸಿ ಪಟ್ಟಿಯಲ್ಲಿ ಗುರುತು ಮಾಡಿಕೊಂಡರು. ಮುಂದಿನ ನಿಲ್ದಾಣ ಬರಲು ಮುಕ್ಕಾಲು ಗಂಟೆ. ಅಕ್ಕ ಬಾಗಿಲಲ್ಲೇ ನಿಂತಿದ್ದರು. ರೈಲು ನಿಂತಿತು. ಯಜಮಾನರು ಟವೆಲ್ ಹೊದ್ದುಕೊಂಡು, ಕೈಯಲ್ಲಿ ವಡಾಪಾವ್ ಪೊಟ್ಟಣ ಹಿಡಿದುಕೊಂಡು, ಬೋಗಿ ಬೋಗಿ ನೋಡುತ್ತ ಓಡಿ ಬಂದರು.

ಬೈದರಾ ಅಂತ ಕೇಳಿದೆ. "ಬೈದೆ. ಚೆನ್ನಾಗಿ ಬೈದೆ" ಅಂದರು. ಆಮೇಲೆ ಇಬ್ಬರೂ ತಣ್ಣಗಾದ ವಡಾಪಾವ್ ತಿಂದರಂತೆ. ಮಲಗುವಾಗ ಯಜಮಾನರು ಟಿಕೆಟ್ಟನ್ನು ತಮ್ಮ ಜೇಬಿಗೆ ಹಾಕಿಕೊಳ್ಳಲಿಲ್ಲ. "ನಿನ್ ಹತ್ರಾನೇ ಇರ್ಲಿ" ಅಂದರು.

ಇಂಥ ಸಮಯಕ್ಕೆ ಒಂದು ನಂಬರ್ ನೆನಪಿಡಿ: 139. ರೈಲಿನಲ್ಲಿ ಏನೇ ತೊಂದರೆಯಾದರೂ ಈ ನಂಬರಿಗೆ ಫೋನ್ ಮಾಡಬಹುದು. ಕಾಯಿಲೆ, ಕಳ್ಳತನ, ಯಾರಾದರೂ ತಪ್ಪಿಸಿಕೊಂಡದ್ದು, ಯಾವುದಕ್ಕಾದರೂ ಸರಿ. ಇದನ್ನು ನಾನು ಅಕ್ಕನಿಗೆ ಮೊದಲೇ ಹೇಳಿಕೊಡಬೇಕಿತ್ತು. ಹೇಳಿಕೊಟ್ಟಿರಲಿಲ್ಲ.

ಜೋಧಪುರ

ಮಾರನೆಯ ದಿನ ಗುಜರಾತ್. ಅಲ್ಲಿನ ಅಕ್ಷರಕ್ಕೆ ತಲೆಯ ಮೇಲೆ ಗೆರೆ ಇಲ್ಲ. ಹಿಂದಿ ಅಕ್ಷರಕ್ಕೆ ಗೆರೆ ಇದೆ. ಅಷ್ಟು ಗುರುತು ಸಿಕ್ಕಿತು ಅಕ್ಕನಿಗೆ. ಅಬು ರೋಡ್ ದಾಟಿದ ಮೇಲೆ ಮರ ಕಡಿಮೆಯಾಯಿತು. ನೆಲ ಬಿಳಿಚಿಕೊಂಡಿತು. ಎರಡು ರಾತ್ರಿ ರೈಲಿನಲ್ಲೇ ಕಳೆದು ಜೋಧಪುರದಲ್ಲಿ ಇಳಿದರು.

ಮರುಭೂಮಿ ಅಂದರೆ ಬರೀ ಬಿಸಿಲು ಅಂದುಕೊಂಡು ಇಬ್ಬರೂ ಸ್ವೆಟರ್ ಬಿಟ್ಟು ಬಂದಿದ್ದರು. ಜನವರಿಯಲ್ಲಿ ಅಲ್ಲಿ ರಾತ್ರಿ ಹಲ್ಲು ಕಟಕಟ ಅನ್ನುವ ಚಳಿ. ಮರಳು ಬೇಗ ಕಾಯುತ್ತದೆ, ಬೇಗ ಆರುತ್ತದೆ. ಗಾಳಿಯಲ್ಲಿ ತೇವ ಇರುವುದಿಲ್ಲ, ಮೋಡ ಇರುವುದಿಲ್ಲ. ಹಗಲಿನ ಕಾವು ರಾತ್ರಿ ಹೊತ್ತಿಗೆ ಹಾರಿ ಹೋಗುತ್ತದೆ. ಸೇಟು ಮನೆಯವರು ರಜಾಯಿ ಕೊಟ್ಟರು.

ಮದುವೆ ಮನೆಯಲ್ಲಿ ಅಕ್ಕ ಕಂಡದ್ದನ್ನೆಲ್ಲ ಬರೆದರೆ ಈ ಪುಸ್ತಕ ಸಾಲದು. ಅವರು ಬಾಳೆಲೆಯಲ್ಲಿ ಸುತ್ತಿ ತಂದಿದ್ದ ಹೂವಿನಲ್ಲಿ ಮಲ್ಲಿಗೆ ಬಾಡಿತ್ತು, ಕನಕಾಂಬರ ಉಳಿದಿತ್ತು. ಅಲ್ಲಿನ ಹೆಂಗಸರು ತಲೆಯ ಮೇಲೆ ಓಢಣಿ ಹೊದೆಯುತ್ತಾರೆ. ನಮ್ಮ ಹಾಗೆ ಜಡೆಗೆ ಹೂವು ಮುಡಿಯುವುದು ಕಡಿಮೆ. ಮಾವ, ಭಾವ ಎದುರಿಗೆ ಬಂದರೆ ಓಢಣಿ ಮುಖದ ಮೇಲೆ ಇಳಿಯುತ್ತದೆ. ಅದಕ್ಕೆ ಘೂಂಘಟ್ ಅನ್ನುತ್ತಾರೆ. ಗಂಡಸರು ಹೋದ ಮೇಲೆ ಮೇಲಕ್ಕೆ ಹೋಗುತ್ತದೆ, ನಗು ಹಾಡು ಶುರುವಾಗುತ್ತದೆ.

ಮೆಹಂದಿ ಹಾಕುವ ರಾತ್ರಿ ಅಕ್ಕನಿಗೂ ಹಾಕಲು ಬಂದರು. ಅಕ್ಕ ಮೆಹಂದಿ ಕೋನ್ ಕೇಳಿ ಇಸಕೊಂಡು ತಮ್ಮ ಅಂಗೈಯಲ್ಲಿ ತಮ್ಮ ಹೆಸರು ತಾವೇ ಬರೆದುಕೊಂಡರು. ಕನ್ನಡದಲ್ಲಿ. ಪಕ್ಕದಲ್ಲಿದ್ದ ಕೆಲಸದಾಕೆ ಅದನ್ನು ನೋಡಿ ತನ್ನ ಕೈ ಚಾಚಿದಳು. ತನ್ನ ಹೆಸರು ಹೇಳಿದಳು. ಅಕ್ಕ ಕೇಳಿ ಕೇಳಿ ಬರೆದರು. ಆಮೇಲೆ ಇನ್ನೊಬ್ಬರು. ಆರೇಳು ಜನರ ಅಂಗೈಯಲ್ಲಿ ಕನ್ನಡ ಅಕ್ಷರ! ಒತ್ತು ದೀರ್ಘ ಸರಿಯಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಮದುವೆ ಮುಗಿದ ಮೇಲೆ ಕೋಟೆ ನೋಡಲು ಹೋದರು. ಜೋಧಪುರವನ್ನು 1459ರಲ್ಲಿ ಕಟ್ಟಿಸಿದ್ದು ರಾವ್ ಜೋಧಾ ಎಂಬ ರಾಜ. ಗುಡ್ಡದ ಮೇಲೆ ಮೆಹರಾನಗಢ ಕೋಟೆ ಇದೆ. ಮೇಲಿಂದ ನೋಡಿದರೆ ಊರಿನ ಹಳೆಯ ಮನೆಗಳು ನೀಲಿ. ಕೋಟೆಯ ಒಳಗಿನ ಒಂದು ಬಾಗಿಲಿನ ಹೆಸರು ಲೋಹಾಪೋಲ್. ಅದರ ಪಕ್ಕದ ಗೋಡೆಯಲ್ಲಿ ಸಣ್ಣ ಸಣ್ಣ ಕೈಗಳ ಗುರುತು ಸಾಲಾಗಿವೆ. ಮೇಲೆ ಕುಂಕುಮ, ಬೆಳ್ಳಿ ಹಾಳೆ. ಅಕ್ಕ ಕೈ ಮುಗಿದರು. ಆಮೇಲೆ ಏನೆಂದು ಕೇಳಿದರು.

1843ರಲ್ಲಿ ಮಾನಸಿಂಹ ಎಂಬ ರಾಜ ಸತ್ತ. ಅವನ ಚಿತೆಯಲ್ಲಿ ರಾಣಿಯರು ಸುಟ್ಟುಹೋದರು. ಚಿತೆಗೆ ಹೋಗುವ ಮುಂಚೆ ಕೋಟೆಯ ಬಾಗಿಲಲ್ಲಿ ಒತ್ತಿಹೋದ ಕೈಗಳ ಗುರುತು ಇವು ಅನ್ನುತ್ತಾರೆ.

"ಮೇಡಂ, ನಮ್ಮೂರ ಹೊಲದಲ್ಲಿ ಒಂದು ಕಲ್ಲಿದೆ" ಅಂದರು ಅಕ್ಕ. "ಬಳೆ ಹಾಕಿದ ಕೈ ಮೇಲಕ್ಕೆ ಎತ್ತಿದ ಹಾಗೆ ಕೆತ್ತಿದ್ದಾರೆ. ಮಾಸ್ತಮ್ಮ ಅಂತೀವಿ. ನಾನು ಚಿಕ್ಕೋಳಿದ್ದಾಗ ಅರಿಶಿನ ಹಚ್ಚಿ ಹೂವು ಇಡ್ತಿದ್ದೆ. ಅದೂ ಇದೇನಾ?"

ಅದೂ ಇದೇ. ಮಾಸ್ತಿ ಅಂದರೆ ಮಹಾಸತಿ. ನಮ್ಮ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಮಾಸ್ತಿಗಲ್ಲು ಇವೆ. ಗಂಡನ ಜೊತೆ ಬೆಂಕಿಗೆ ಹೋದ ಹೆಂಗಸಿನ ನೆನಪಿಗೆ ನೆಟ್ಟ ಕಲ್ಲು. ಇಂಗ್ಲಿಷರ ಸರ್ಕಾರ 1829ರಲ್ಲಿ ಬಂಗಾಳದಲ್ಲಿ ಸತಿ ಪದ್ಧತಿ ನಿಲ್ಲಿಸಲು ಕಾನೂನು ಮಾಡಿತು. ಅದಕ್ಕಾಗಿ ರಾಜಾ ರಾಮಮೋಹನ ರಾಯರು ಬಹಳ ಹೋರಾಡಿದರು. ಆದರೂ 1987ರಲ್ಲಿ, ರಾಜಸ್ಥಾನದ ದೇವರಾಲಾ ಎಂಬ ಹಳ್ಳಿಯಲ್ಲಿ, ರೂಪ್ ಕನ್ವರ್ ಎಂಬ ಹದಿನೆಂಟು ವರ್ಷದ ಹುಡುಗಿ ಗಂಡನ ಚಿತೆಯಲ್ಲಿ ಸತ್ತಳು. ದೇಶದ ತುಂಬ ಹೆಂಗಸರು ಬೀದಿಗೆ ಬಂದು ಪ್ರತಿಭಟಿಸಿದರು. ಅದೇ ವರ್ಷ ಹೊಸ ಕಾನೂನು ಬಂತು. ಸತಿ ಮಾಡಿಸುವುದು ಮಾತ್ರ ಅಲ್ಲ, ಅದನ್ನು ಹೊಗಳಿ ಉತ್ಸವ ಮಾಡುವುದೂ ಈಗ ಅಪರಾಧ.

ಬನ್ನಿ ಮರದ ಕಥೆ

ಮದುವೆ ಊಟದಲ್ಲಿ ಒಂದು ಪಲ್ಯ ಬಡಿಸಿದ್ದರು. ಕೇರ್ ಸಾಂಗ್ರಿ ಅಂತ ಅದರ ಹೆಸರು. ಕೇರ್ ಅಂದರೆ ಒಂದು ಮುಳ್ಳುಗಿಡದ ಕಾಯಿ. ಸಾಂಗ್ರಿ ಅಂದರೆ ಖೇಜಡಿ ಮರದ ಕೋಡು. ನೋಡಲು ಒಣಗಿದ ಹುರುಳಿಕಾಯಿ ಥರ. ಖೇಜಡಿ ಮರ ಯಾವುದು ಗೊತ್ತೇ? ನಮ್ಮ ಬನ್ನಿ ಮರ! ವಿಜಯದಶಮಿ ದಿನ ನಾವು ಎಲೆ ಹಂಚಿ "ಬಂಗಾರ ತಗೊಳ್ಳಿ" ಅನ್ನುತ್ತೇವಲ್ಲ, ಅದೇ.

ಮರಳುಗಾಡಿನವರಿಗೆ ಆ ಮರ ನಿಜವಾಗಿಯೂ ಬಂಗಾರ. ಅದರ ಬೇರು ತುಂಬ ಆಳಕ್ಕೆ ಹೋಗುತ್ತದೆ. ಮಳೆ ಇಲ್ಲದಿದ್ದರೂ ಹಸಿರಾಗಿರುತ್ತದೆ. ಎಲೆ ಆಡು ಒಂಟೆಗೆ ಮೇವು. ಕೋಡು ಮನುಷ್ಯರಿಗೆ ಪಲ್ಯ. ಬರಗಾಲದಲ್ಲಿ ಜನ ಅದರ ತೊಗಟೆಯನ್ನೂ ಕುಟ್ಟಿ ತಿಂದದ್ದುಂಟು.

ಜೋಧಪುರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಖೇಜಡ್ಲಿ ಎಂಬ ಹಳ್ಳಿ ಇದೆ. ಮರದಿಂದಲೇ ಊರಿಗೆ ಹೆಸರು. ಅಲ್ಲಿ ಬಿಷ್ಣೋಯಿ ಜನ ಇದ್ದಾರೆ. ಅವರ ಗುರು ಜಂಭೇಶ್ವರರು 29 ನಿಯಮ ಹೇಳಿದ್ದರು. ಹಸಿರು ಮರ ಕಡಿಯಬಾರದು, ಪ್ರಾಣಿಗಳಿಗೆ ದಯೆ ತೋರಬೇಕು ಅನ್ನುವುದು ಅದರಲ್ಲಿವೆ. ಬಿಷ್ ಅಂದರೆ ಇಪ್ಪತ್ತು, ನೋಯಿ ಅಂದರೆ ಒಂಬತ್ತು. ಜಿಂಕೆಗಳು ಅವರ ಹೊಲದಲ್ಲಿ ಹೆದರದೆ ಓಡಾಡುತ್ತವೆ.

1730ರಲ್ಲಿ ಜೋಧಪುರದ ರಾಜನಿಗೆ ಅರಮನೆ ಕಟ್ಟಲು ಸುಣ್ಣ ಬೇಕಾಯಿತು. ಸುಣ್ಣದ ಕಲ್ಲು ಸುಡಲು ಸೌದೆ ಬೇಕು. ರಾಜನ ಕಡೆಯವರು ಕೊಡಲಿ ಹಿಡಿದು ಖೇಜಡ್ಲಿಗೆ ಬಂದರು. ಅಮೃತಾದೇವಿ ಎಂಬ ಹೆಂಗಸು ಮನೆಯಿಂದ ಹೊರಗೆ ಬಂದು ಮರ ಅಪ್ಪಿಕೊಂಡು ನಿಂತಳು. ಅವಳ ತಲೆ ಕಡಿದರು. ಅವಳ ಮೂವರು ಹೆಣ್ಣುಮಕ್ಕಳೂ ಒಬ್ಬೊಬ್ಬರಾಗಿ ಮರ ಅಪ್ಪಿಕೊಂಡರು. ಅವರನ್ನೂ ಕಡಿದರು. ಸುದ್ದಿ ಕೇಳಿ ಸುತ್ತಲ ಹಳ್ಳಿಗಳಿಂದ ಜನ ಬಂದರು. ಒಟ್ಟು 363 ಜನ ಸತ್ತರು. ಆಮೇಲೆ ರಾಜ ಕ್ಷಮೆ ಕೇಳಿ, ಬಿಷ್ಣೋಯಿ ಹಳ್ಳಿಗಳಲ್ಲಿ ಮರ ಕಡಿಯಬಾರದು ಅಂತ ಆಜ್ಞೆ ಮಾಡಿದ.

ಅಕ್ಕ ಆ ಹಳ್ಳಿಗೆ ಹೋಗಿ ನೋಡಿ ಬಂದರು. ಸೇಟು ಮನೆಯ ಕಾರು ಹೋಗುವುದಿತ್ತು, ಹತ್ತಿಕೊಂಡರು.

ನಮ್ಮ ಉತ್ತರ ಕನ್ನಡದಲ್ಲೂ ಹೀಗೇ ಒಂದು ನಡೆದಿದೆ. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರ ಅಪ್ಪಿಕೊಂಡು ನಿಂತರು. ಹೆಂಗಸರೂ ಇದ್ದರು, ಗಂಡಸರೂ ಇದ್ದರು. ಕಡಿಯಲು ಬಂದವರು ಹಿಂದೆ ಹೋಗಬೇಕಾಯಿತು. ಅದೇ ಅಪ್ಪಿಕೋ ಚಳವಳಿ. ಪುಣ್ಯಕ್ಕೆ ಇಲ್ಲಿ ಯಾರ ತಲೆಯೂ ಹೋಗಲಿಲ್ಲ.

ಜೈಸಲ್ಮೇರ್, ನೀರಿನ ಲೆಕ್ಕ

ಜೋಧಪುರದಿಂದ ಜೈಸಲ್ಮೇರಿಗೆ ರಾತ್ರಿ ರೈಲು. ಈ ಟಿಕೆಟ್ಟನ್ನು ಯಜಮಾನರು ತೆಗೆಸಿದರು. ಬೋಗಿ ಹುಡುಕಿದ್ದು ಅಕ್ಕ.

ಜೈಸಲ್ಮೇರ್ ಪೂರ್ತಿ ಹಳದಿ ಕಲ್ಲಿನ ಊರು. ಬೆಳಗಿನ ಬಿಸಿಲಿಗೆ ಕೋಟೆ ಅರಿಶಿನ ಬಳಿದ ಹಾಗೆ ಕಾಣುತ್ತದೆ. 1156ರಲ್ಲಿ ರಾವಲ್ ಜೈಸಲ್ ಕಟ್ಟಿಸಿದ್ದು. ಈಗಲೂ ಕೋಟೆಯ ಒಳಗೆ ಸಾವಿರಾರು ಜನ ಸಂಸಾರ ಮಾಡಿಕೊಂಡಿದ್ದಾರೆ. ಬಟ್ಟೆ ಒಗೆದು ಒಣಗ ಹಾಕಿರುತ್ತಾರೆ, ಮಕ್ಕಳು ಶಾಲೆಗೆ ಓಡುತ್ತಿರುತ್ತಾರೆ. ಹಿಂದೆ ಒಂಟೆಗಳ ಮೇಲೆ ಸರಕು ಹೇರಿಕೊಂಡು ವ್ಯಾಪಾರಿಗಳು ಈ ದಾರಿಯಲ್ಲೇ ಹೋಗುತ್ತಿದ್ದರು. ಆ ದುಡ್ಡಿನಲ್ಲಿ ದೊಡ್ಡ ದೊಡ್ಡ ಮನೆಗಳಾದವು. ಕಲ್ಲಿನಲ್ಲಿ ಲೇಸ್ ಹೆಣೆದ ಹಾಗೆ ಕಿಟಕಿಗಳಿವೆ. ಅವಕ್ಕೆ ಝರೋಖಾ ಅನ್ನುತ್ತಾರೆ. ಮನೆಯ ಹೆಂಗಸರು ಅದರ ಹಿಂದೆ ಕೂತು ಬೀದಿ ನೋಡುತ್ತಿದ್ದರು. ಬೀದಿಯವರಿಗೆ ಇವರು ಕಾಣುತ್ತಿರಲಿಲ್ಲ. ಅಕ್ಕ ಒಂದು ಕಿಟಕಿಯ ಹಿಂದೆ ಕೂತು ನೋಡಿದರು. "ತಂಪಾಗಿತ್ತು. ಆದ್ರೆ ಐದು ನಿಮಿಷಕ್ಕೇ ಸಾಕಾಯ್ತು" ಅಂದರು. ಇಡೀ ದಿನ ಬೀದಿಯಲ್ಲೇ ಕೂತು ಹೂವು ಮಾರುವವರಲ್ಲವೇ!

ಈ ಊರಿಗೆ ವರ್ಷಕ್ಕೆ 20 ಸೆಂಟಿಮೀಟರ್ ಮಳೆಯೂ ಬರುವುದು ಕಷ್ಟ. ನಮ್ಮ ಬೆಂಗಳೂರಿಗೆ 90ಕ್ಕಿಂತ ಹೆಚ್ಚು ಬರುತ್ತದೆ. ಅಷ್ಟರಲ್ಲೇ ಅವರು ನೂರಾರು ವರ್ಷ ಬದುಕಿದ್ದಾರೆ. ಹೇಗೆ? ಹಳ್ಳಿಗಳ ಮನೆ ಅಂಗಳದಲ್ಲಿ ನೆಲದ ಒಳಗೆ ತೊಟ್ಟಿ ಕಟ್ಟಿಸುತ್ತಾರೆ. ಅದಕ್ಕೆ ಟಾಂಕಾ ಅಂತ ಹೆಸರು. ಸುತ್ತ ನೆಲವನ್ನು ಗಟ್ಟಿ ಮಾಡಿ ತೊಟ್ಟಿಯ ಕಡೆಗೆ ಇಳಿಜಾರು ಮಾಡಿರುತ್ತಾರೆ. ಬಿದ್ದ ಮಳೆ ಹರಿದು ಒಳಗೆ ಹೋಗುತ್ತದೆ. ಮೇಲೆ ಮುಚ್ಚಳ. ಎಷ್ಟೋ ಕಡೆ ಮುಚ್ಚಳಕ್ಕೆ ಬೀಗ! ಪಾತ್ರೆ ತೊಳೆಯಲು ಮರಳು, ಬೂದಿ. ಈಗ ಕಾಲುವೆ ನೀರೂ ಬಂದಿದೆ. ಪಂಜಾಬಿನಿಂದ ಸುಮಾರು 650 ಕಿಲೋಮೀಟರ್ ಉದ್ದ ತೋಡಿದ ಕಾಲುವೆ. ಕೆಲಸ ಶುರುವಾದದ್ದು 1958ರಲ್ಲಿ. ಈಗ ಅದಕ್ಕೆ ಇಂದಿರಾ ಗಾಂಧಿ ಕಾಲುವೆ ಅನ್ನುತ್ತಾರೆ. ನಲ್ಲಿ ನೀರು ಬಂದದ್ದು ಜನರಿಗೆ ಸುಖವಾಯಿತು, ಕೋಟೆಗೆ ಕಷ್ಟವಾಯಿತು. ಸ್ವಲ್ಪವೇ ನೀರು ಬಳಸುತ್ತಿದ್ದ ಕಾಲದ ಕೋಟೆ ಅದು. ಪೈಪು ಸೋರಿ, ಬಚ್ಚಲ ನೀರು ಇಂಗಿ, ತಳದ ಮಣ್ಣು ಸಡಿಲವಾಗಿ ಕೆಲವು ಕಡೆ ಗೋಡೆ ಕುಸಿದಿದೆ.

ಊರ ಅಂಚಿನಲ್ಲಿ ಗಡಿಸರ್ ಕೆರೆ ಇದೆ. ನಲ್ಲಿ ಬರುವ ಮೊದಲು ಇಡೀ ಊರಿಗೆ ಇದೇ ನೀರು. ಹೊತ್ತು ತರುತ್ತಿದ್ದವರು ಯಾರು ಅಂತ ನಾನು ಹೇಳಬೇಕಾಗಿಲ್ಲ. ಕೆರೆಯ ಬಾಗಿಲನ್ನು ಕಟ್ಟಿಸಿದ್ದು ತಿಲೋನ್ ಎಂಬ ವೇಶ್ಯೆ ಅಂತ ಕಥೆ ಇದೆ. ಅವಳು ಕಟ್ಟಿಸಿದ ಬಾಗಿಲಿನ ಕೆಳಗೆ ನಾವು ಹೋಗುವುದೇ ಅಂತ ರಾಣಿಯರು ತಕರಾರು ಮಾಡಿದರಂತೆ. ತಿಲೋನ್ ಬಾಗಿಲಿನ ಮೇಲೆ ಕೃಷ್ಣನ ಗುಡಿ ಕಟ್ಟಿಸಿಬಿಟ್ಟಳಂತೆ. ದೇವರ ಗುಡಿ ಕೆಡವುವವರು ಯಾರು? ಬಾಗಿಲು ಉಳಿಯಿತು. ನಮ್ಮ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಕಟ್ಟಿಸಿದ್ದೂ ಶಾಂತವ್ವ ಎಂಬ ಹೆಣ್ಣುಮಗಳು ಅಂತ ಜನ ಹೇಳುತ್ತಾರೆ. ಅದರ ನೀರು ಇವತ್ತಿಗೂ ಹೊಲಗಳಿಗೆ ಹರಿಯುತ್ತಿದೆ.

ಮರಳಿನ ದಿಬ್ಬ ನೋಡಲು ಸಮ್ ಎಂಬ ಹಳ್ಳಿಗೆ ಹೋದರು. ಜೈಸಲ್ಮೇರಿನಿಂದ ಸುಮಾರು 40 ಕಿಲೋಮೀಟರ್. ಒಂಟೆ ಹತ್ತಿದರು. ಒಂಟೆ ಏಳುವಾಗ ಯಜಮಾನರು ಕೂಗಿಕೊಂಡರಂತೆ. ಅದನ್ನು ಅಕ್ಕ ಮೂರು ಸಲ ಹೇಳಿ ನಕ್ಕರು.

ವಾಪಸ್ಸು ಬಂದು ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಎದುರಿಗೆ ಬಸ್ ನಿಲ್ದಾಣ. ಅಕ್ಕನಿಗೆ ಗೊತ್ತಿರಲಿಲ್ಲ, ನಾನು ಹೇಳಿದೆ. ಆ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಎಂಬ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಯ ಜನ ಅದರ ನೀರನ್ನೇ ಕುಡಿಯುತ್ತಿದ್ದರು. ಈಗ ನಮಗೆ ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಪಂಪ್ ಹಾಕಿ ಮೇಲಕ್ಕೆ ಎತ್ತಿ ತರುತ್ತಾರೆ. ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರ ಗುಡಿಯ ಎದುರು ಮಣ್ಣಿನ ಅಡಿಯಲ್ಲಿ ಮುಚ್ಚಿಹೋಗಿದ್ದ ನಂದಿ ತೀರ್ಥ 1997ರಲ್ಲಿ ಮತ್ತೆ ಸಿಕ್ಕಿತು. ಇವತ್ತಿಗೂ ಅಲ್ಲಿ ನಂದಿಯ ಬಾಯಿಂದ ನೀರು ಬರುತ್ತದೆ. ಧರ್ಮಾಂಬುಧಿಗೆ ಆ ಅದೃಷ್ಟ ಇಲ್ಲ.

ಅಕ್ಕ ತರಗತಿಗೆ ಒಂದು ಪೊಟ್ಟಣ ಒಣ ಸಾಂಗ್ರಿ ತಂದರು. ರಾತ್ರಿ ನೆನೆಸಿ, ಬೇಯಿಸಿ, ಸಾಸಿವೆ ಒಗ್ಗರಣೆ ಹಾಕಿ, ನಮ್ಮ ರೀತಿ ತೆಂಗಿನಕಾಯಿ ತುರಿದು ಪಲ್ಯ ಮಾಡಿದೆವು. ಬನ್ನಿ ಮರ ತಿನ್ನುತ್ತೇವೆ ಅಂತ ಅಜ್ಜಿ ಮೊದಲು ಕೈ ಮುಗಿದರು. ಆಮೇಲೆ ಎರಡು ಸಲ ಹಾಕಿಸಿಕೊಂಡರು.

ನೋಟ್‌ಬುಕ್ಕನ್ನೂ ತೋರಿಸಿದರು. ಹೋಗುವಾಗ ಕಂಡ ನಿಲ್ದಾಣಗಳ ಹೆಸರು ಮೂರು ಪುಟ ಬರೆದಿದ್ದರು. ಶೇಡಬಾಳದ ಕೆಳಗೆ ಒಂದು ಗೆರೆ ಎಳೆದಿದ್ದರು. ಗೆರೆಯ ಕೆಳಗೆ ಬರೀ ಅಂಕಿ: 33, 34, 139. ಕೊನೆಯದನ್ನು ವಾಪಸ್ಸು ಬಂದ ಮೇಲೆ ಬರೆದದ್ದು. ಹುಬ್ಬಳ್ಳಿಗೆ ಒಂದು ಒತ್ತು ಬಿಟ್ಟಿದ್ದರು. ತಿದ್ದಿ ಕೊಟ್ಟಿದ್ದೇನೆ.

ಓದಿ, ಮಾಡಿ

ರೈಲು 21.15ಕ್ಕೆ ಹೊರಡುತ್ತದೆ ಅಂತ ಬರೆದಿದೆ. ಅದು ಎಷ್ಟು ಗಂಟೆ? ಹಗಲೋ, ರಾತ್ರಿಯೋ?

ಮನೆಯಲ್ಲಿ ಹಳೆಯ ರೈಲು ಟಿಕೆಟ್ ಇದ್ದರೆ ತರಗತಿಗೆ ತನ್ನಿ. ರೈಲಿನ ನಂಬರ್, ಬೋಗಿ, ಸೀಟು ಹುಡುಕಿ ಗುರುತು ಹಾಕಿ.

ನಿಮ್ಮ ಊರಿನಲ್ಲಿ ಮಾಸ್ತಿಗಲ್ಲು ಇದೆಯೇ? ಬನ್ನಿ ಮರ ಎಲ್ಲಿದೆ? ಐದು ಸಾಲು ಬರೆಯಿರಿ.

ಈ ಪದಗಳನ್ನು ಎರಡೆರಡು ಸಲ ಬರೆಯಿರಿ: ನಿಲ್ದಾಣ, ಹುಬ್ಬಳ್ಳಿ, ಸಂಗೊಳ್ಳಿ ರಾಯಣ್ಣ, ಸಿದ್ಧಾರೂಢ, ಧರ್ಮಾಂಬುಧಿ.